ಅಮ್ಮನ ಲೆಕ್ಕ ಮಗಳಿಗೆ ಗೊತ್ತಿರಲಿ

‘ನಿಮ್ಮ ತಾಯಿ ಏನು ಮಾಡ್ತಿದ್ರು?’

ಮಕ್ಕಳ ಶಾಲೆಯ ಗೇಟಿನ ಮುಂದೆಯೋ, ಯಾರದೋ ಗೃಹಪ್ರವೇಶದ ಊಟದ ಪಂಕ್ತಿಯಲ್ಲೋ ಯಾರಾದರೂ ಹೀಗೆ ಕೇಳಿದರೆ ನಮ್ಮಲ್ಲಿ ಹೆಚ್ಚಿನವರ ಉತ್ತರ ಒಂದೇ: ‘ಏನಿಲ್ಲ, ಮನೇಲೇ ಇದ್ರು.’ ಕೆಲಸಕ್ಕೆ ಹೋಗುತ್ತಿದ್ದ ತಾಯಿಯಾದರೆ, ‘ಯಾವುದೋ ಫ್ಯಾಕ್ಟರಿಗೆ ಹೋಗ್ತಿದ್ರು.’ ಅಪ್ಪ ಯಾವ ಇಲಾಖೆ, ಯಾವ ಹುದ್ದೆ, ಯಾವ ವರ್ಷ ರಿಟೈರ್ ಆದರು ಎಂಬುದೆಲ್ಲ ನಾಲಿಗೆಯ ತುದಿಯಲ್ಲೇ ಇರುತ್ತದೆ. ಅಮ್ಮನ ವಿಷಯಕ್ಕೆ ಬಂದರೆ ಮಾತ್ರ ಒಂದು ‘ಏನಿಲ್ಲ’, ಇಲ್ಲವೇ ಒಂದು ‘ಯಾವುದೋ’.

ಅಮ್ಮನ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಹೆಣ್ಣುಮಕ್ಕಳಿಗೆ ತವರು ಅಂದರೆ ಅಮ್ಮನೇ. ಮೇ ತಿಂಗಳ ಎರಡನೇ ಭಾನುವಾರ ಬಂತೆಂದರೆ ಸೀರೆ, ಕೇಕು, ಫೋಟೊ ಎಲ್ಲವೂ ಆಗುತ್ತದೆ. ‘ನಮ್ಮಮ್ಮ ದೇವರು’, ‘ನಮ್ಮಮ್ಮ ತ್ಯಾಗಮಯಿ’ ಎಂದು ಬರೆದು ಹಾಕುತ್ತೇವೆ. ಆದರೆ ದೇವರಿಗೆ ಮಂಡಿನೋವು ಬರುವುದಿಲ್ಲ, ದೇವರಿಗೆ ಪಿ.ಎಫ್. ಖಾತೆ ಇರುವುದಿಲ್ಲ. ಅಮ್ಮನಿಗೆ ಇವೆರಡೂ ಇರಬಹುದು! ಹಾಗಾದರೆ ಬೆಳೆದ ಮಗಳು ಅಮ್ಮನನ್ನು ಮೆಚ್ಚಿಕೊಳ್ಳುವ ಸರಿಯಾದ ದಾರಿ ಯಾವುದು? ಅಮ್ಮ ಮಾಡಿದ್ದೇನು, ಬಿಟ್ಟುಕೊಟ್ಟಿದ್ದೇನು ಎಂಬುದನ್ನು ಹೆಸರಿಟ್ಟು ತಿಳಿದುಕೊಳ್ಳುವುದು. ತಿಳಿದದ್ದನ್ನು ಅವಳ ಕಿವಿಗೆ ಬೀಳುವಂತೆ ಹೇಳುವುದು.

ತುಮಕೂರು ರಸ್ತೆಯ ಅಮ್ಮಂದಿರು

ಬೆಂಗಳೂರಿನಿಂದ ನೆಲಮಂಗಲದ ಕಡೆ ಹೊರಟರೆ ಸಿಗುವ ಮಾದನಾಯಕನಹಳ್ಳಿ ಒಂದು ಕಾಲಕ್ಕೆ ಹೊಲ, ತೋಟಗಳ ಊರು. ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯುತ್ತ ಹೋದಂತೆ ಈ ರಸ್ತೆಯ ಹಳ್ಳಿಗಳೆಲ್ಲ ಬಾಡಿಗೆ ಮನೆಗಳ ಊರಾದವು. ತುಮಕೂರು, ಕುಣಿಗಲ್, ಮಾಗಡಿ ಕಡೆಯಿಂದ ಬಂದ ಕುಟುಂಬಗಳು ಒಂದು ರೂಮು, ಒಂದು ಅಡುಗೆಮನೆ ಹಿಡಿದು ನೆಲೆಸಿದವು. ಗಂಡಸರು ಲೇತ್ ಮೆಷಿನ್, ಗೋಡೌನು, ಲಾರಿ ಅಂತ ಹೋದರೆ ಹೆಂಗಸರು ‘ಗಾರ್ಮೆಂಟ್ಸ್’ ಹಾದಿ ಹಿಡಿದರು. ಬೆಳಗಿನ ಹೊತ್ತು ಈ ರಸ್ತೆಯಲ್ಲಿ ನಿಂತು ನೋಡಿ. ಹೆಗಲಿಗೆ ಬ್ಯಾಗು, ಕೈಯಲ್ಲಿ ಟಿಫಿನ್ ಡಬ್ಬಿ, ಇನ್ನೂ ಒಣಗದ ಜಡೆ, ಬಿಡುಗಾಲಿನ ಓಟ. ಆ ಓಟದ ಹಿಂದೆ ಅದಾಗಲೇ ಮುಗಿಸಿದ ಅಡುಗೆ, ಹಿಡಿದಿಟ್ಟ ನೀರು, ಎಬ್ಬಿಸಿ ಸ್ನಾನ ಮಾಡಿಸಿದ ಮಕ್ಕಳು ಇರುತ್ತಾರೆ.

ಈ ಅಮ್ಮಂದಿರ ಲೆಕ್ಕ ಏನೆಂಬುದು ನಾಡಿಗೆಲ್ಲ ಗೊತ್ತಾದದ್ದು 2016ರ ಏಪ್ರಿಲ್‌ನಲ್ಲಿ. ಪಿ.ಎಫ್.ನಲ್ಲಿ ಮಾಲೀಕರು ಕಟ್ಟುವ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ನಿಯಮವನ್ನು ಆ ವರ್ಷ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ತಂದಿತ್ತು. ಏಪ್ರಿಲ್ 18ರಂದು ಹೊಸೂರು ರಸ್ತೆಯಲ್ಲಿ ಗಾರ್ಮೆಂಟ್ಸ್ ಹೆಂಗಸರು ರಸ್ತೆಗಿಳಿದರು. ಮರುದಿನ ತುಮಕೂರು ರಸ್ತೆಯ ಪೀಣ್ಯ, ಜಾಲಹಳ್ಳಿ ಕ್ರಾಸ್ ಕಡೆಗೂ ಅದು ಹಬ್ಬಿತು. ಮುಂದೆ ನಿಂತ ದೊಡ್ಡ ನಾಯಕರು ಯಾರೂ ಇರಲಿಲ್ಲ. ಲಾಠಿ ಬೀಸಿತು, ಅಶ್ರುವಾಯು ಸಿಡಿಯಿತು, ಬಸ್ಸುಗಳಿಗೆ ಬೆಂಕಿ ಬಿತ್ತು. ಏಪ್ರಿಲ್ 19ರಂದೇ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಿತು.

‘ದುಡ್ಡು 58ರವರೆಗೆ ಭದ್ರವಾಗಿ ಇರಲಿ ಅಂದರೆ ಇವರಿಗೇನು ಕಷ್ಟ?’ ಎಂದು ಆಗ ಕೇಳಿದವರೂ ಇದ್ದರು. ಕಷ್ಟ ಇದ್ದದ್ದು ಇಲ್ಲಿ. ತಿಂಗಳ ಸಂಬಳ ಬಾಡಿಗೆಗೆ, ರೇಷನ್‌ಗೆ, ಚೀಟಿಗೆ ಸರಿಹೋಗುತ್ತಿತ್ತು. ಆ ಹೆಂಗಸರ ಪಾಲಿಗೆ ಇಡುಗಂಟು ಅಂತ ಇದ್ದದ್ದು ಪಿ.ಎಫ್. ಒಂದೇ. ಮಗಳ ಕಾಲೇಜು ಫೀಸು, ಮದುವೆ, ಮನೆಯವರ ಆಪರೇಷನ್, ಊರಲ್ಲಿ ಒಂದು ಸೂರು ಎಲ್ಲವೂ ಆ ಗಂಟಿನಿಂದಲೇ ಆಗಬೇಕಿತ್ತು. ಅದಕ್ಕಾಗಿ ಕೆಲಸಕ್ಕೆ ರಾಜೀನಾಮೆ ಕೊಟ್ಟು, ‘ಸೆಟ್ಲ್‌ಮೆಂಟ್’ ತೆಗೆದುಕೊಂಡು, ಮತ್ತೆ ಇನ್ನೊಂದು ಫ್ಯಾಕ್ಟರಿಗೆ ಹೊಸಬಳಾಗಿ ಸೇರುವುದು ಇಲ್ಲಿಯ ರೂಢಿ.

ನನ್ನ ಅಮ್ಮನೂ ಇವರಲ್ಲಿ ಒಬ್ಬಳು. ಒಂದು ಫ್ಯಾಕ್ಟರಿಯಲ್ಲಿ ಎಂಟು ವರ್ಷ, ಇನ್ನೊಂದರಲ್ಲಿ ಏಳು ವರ್ಷ ಷರ್ಟಿನ ಕಾಲರ್ ಹೊಲಿದವಳು. ಮೊದಲನೆಯ ಪಿ.ಎಫ್. ನನ್ನ ಪಿ.ಯು.ಸಿ. ಮತ್ತು ಅಣ್ಣನ ಐ.ಟಿ.ಐ.ಗೆ ಹೋಯಿತು. ಎರಡನೆಯದು ನನ್ನ ಬಿ.ಕಾಂ.ಗೆ. ಲೆಕ್ಕಪತ್ರದ ಕೆಲಸಕ್ಕೆ ಸೇರಿದ ಮೇಲೆ ನಾನು ಅವಳ ಹಳೆಯ ಚೀಟಿಗಳನ್ನೆಲ್ಲ ಜೋಡಿಸಿ ನೋಡಿದೆ. ಪಿ.ಎಫ್. ಜೊತೆಗಿರುವ ಪಿಂಚಣಿ ಯೋಜನೆಯಲ್ಲಿ ತಿಂಗಳ ಪಿಂಚಣಿ ಸಿಗಬೇಕಾದರೆ ಕನಿಷ್ಠ 10 ವರ್ಷದ ಸೇವೆ ಇರಬೇಕು. ಹತ್ತು ತುಂಬುವ ಮುಂಚೆ ಆ ಹಣವನ್ನೂ ತೆಗೆದರೆ ಅಲ್ಲಿಯವರೆಗಿನ ಸೇವೆ ಲೆಕ್ಕದಿಂದ ಹೋಗುತ್ತದೆ. ಹದಿನೈದು ವರ್ಷ ದುಡಿದ ಅಮ್ಮನಿಗೆ ಪಿಂಚಣಿ ಇಲ್ಲ. ಅದು ನನ್ನ ಪದವಿ ಪ್ರಮಾಣಪತ್ರದ ರೂಪದಲ್ಲಿ ನನ್ನ ಬೀರುವಿನಲ್ಲಿದೆ.

ಇದನ್ನು ಅವಳಿಗೆ ಹಾಗೇ ಹೇಳಿದೆ. ‘ಅಮ್ಮಾ, ನೀನು ನಿನ್ನ ಪಿಂಚಣಿ ಕೊಟ್ಟು ನನ್ನ ಓದಿಸಿದೀಯ.’ ಅವಳು ಹುರುಳಿಕಾಯಿ ಸೋಸುತ್ತಿದ್ದಳು. ‘ಆಗ ಅದೆಲ್ಲ ಯಾರಿಗೆ ಗೊತ್ತಿತ್ತು ಬಿಡೇ’ ಅಂದಳು. ಸ್ವಲ್ಪ ಹೊತ್ತು ಬಿಟ್ಟು, ‘ಗೊತ್ತಿದ್ರೂ ತೆಗೀತಿದ್ದೆ ಕಣೆ’ ಅಂದಳು. ಆಮೇಲೆ ಶುರುವಾಯಿತು ನೋಡಿ ಮಾತು! ಅವಳ ಬ್ಯಾಚಿನಲ್ಲಿ ಕಾಲರ್‌ಗೆ ಅವಳೇ ಎತ್ತಿದ ಕೈಯಂತೆ. ಹೊಸ ಹುಡುಗಿಯರನ್ನು ಸೂಪರ್‌ವೈಸರ್ ಅವಳ ಪಕ್ಕದಲ್ಲೇ ಕೂರಿಸುತ್ತಿದ್ದರಂತೆ. ಇಷ್ಟು ವರ್ಷ ‘ಕೆಲಸ ಹೆಂಗಿತ್ತಮ್ಮ?’ ಅಂದರೆ ‘ಇತ್ತು’ ಅನ್ನುತ್ತಿದ್ದವಳು ಅಂದು ಸಾರು ಕುದಿಯುವವರೆಗೂ ಮಾತಾಡಿದಳು.

ಅಂಬಾಬಾಯಿ ನಿಲ್ಲಿಸಿದ ಹಾಡು

ಮಗಳು ಹೆಸರಿಟ್ಟು ಹೇಳಿದರೆ ಅಮ್ಮನ ಬದುಕು ಹೇಗೆ ಉಳಿಯುತ್ತದೆ ಎಂಬುದಕ್ಕೆ ನಮ್ಮ ನಾಡಿನಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ಗಂಗೂಬಾಯಿ ಹಾನಗಲ್ ಅವರ ಹೆಸರು ಕೇಳದವರಿಲ್ಲ. 1913ರ ಮಾರ್ಚ್ 5ರಂದು ಧಾರವಾಡದಲ್ಲಿ ಹುಟ್ಟಿ, ಕಿರಾಣಾ ಘರಾಣೆಯ ಹಿಂದೂಸ್ತಾನಿ ಗಾಯನದಲ್ಲಿ ದೇಶಕ್ಕೇ ಹೆಸರಾಗಿ, 2002ರಲ್ಲಿ ಪದ್ಮವಿಭೂಷಣ ಪಡೆದವರು.

ಅವರ ತಾಯಿ ಅಂಬಾಬಾಯಿ ಸ್ವತಃ ಒಳ್ಳೆಯ ಗಾಯಕಿ. ಆದರೆ ಹಾಡುತ್ತಿದ್ದದ್ದು ಕರ್ನಾಟಕ ಸಂಗೀತ. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರೇ ಧಾರವಾಡಕ್ಕೆ ಬಂದಾಗ ಇವರ ಮನೆಗೆ ಬಂದು ಅಂಬಾಬಾಯಿಯ ಹಾಡು ಕೇಳುತ್ತಿದ್ದರು ಎಂದರೆ ಅವರ ಹಾಡುಗಾರಿಕೆ ಎಂಥದಿರಬೇಕು, ಊಹಿಸಿ. ಮಗಳ ಒಲವು ಹಿಂದೂಸ್ತಾನಿಯ ಕಡೆ ಎಂದು ಗೊತ್ತಾದಾಗ ಆ ತಾಯಿ ಒಂದು ತೀರ್ಮಾನ ಮಾಡಿದರು. ಮನೆಯಲ್ಲಿ ತನ್ನ ಕರ್ನಾಟಕ ಸಂಗೀತ ಕೇಳುತ್ತಿದ್ದರೆ ಮಗಳ ಕಲಿಕೆಗೆ ಅದು ಬೆರೆತುಹೋದೀತೆಂದು ತಮ್ಮ ಹಾಡನ್ನೇ ನಿಲ್ಲಿಸಿದರು. ಮಗಳ ಸಂಗೀತ ಪಾಠಕ್ಕೆ ಅನುಕೂಲವಾಗಲಿ ಎಂದು 1928ರಲ್ಲಿ ಸಂಸಾರ ಹುಬ್ಬಳ್ಳಿಗೆ ಬಂತು. 1932ರಲ್ಲಿ ಅಂಬಾಬಾಯಿ ತೀರಿಕೊಂಡರು. ಮಗಳು ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಸವಾಯಿ ಗಂಧರ್ವರ ಬಳಿ ಕಲಿತದ್ದನ್ನು, ದೊಡ್ಡ ದೊಡ್ಡ ವೇದಿಕೆಗಳಲ್ಲಿ ಹಾಡಿದ್ದನ್ನು ನೋಡಲು ಅವರಿರಲಿಲ್ಲ.

ಇಂದು ನಾವು ಅಂಬಾಬಾಯಿಯನ್ನು ಬಲ್ಲದ್ದು ಅವರ ಹಾಡಿನಿಂದಲ್ಲ, ಮಗಳ ಮಾತಿನಿಂದ. ಗಂಗೂಬಾಯಿ ‘ನನ್ನ ಬದುಕಿನ ಹಾಡು’ ಎಂಬ ಆತ್ಮಕಥೆ ಕೊಟ್ಟವರು. ‘ನಮ್ಮವ್ವ ಒಳ್ಳೆಯವಳು’ ಎಂದಷ್ಟೇ ಹೇಳಿ ಸುಮ್ಮನಾಗದೆ, ಅವ್ವ ಏನು ಹಾಡುತ್ತಿದ್ದಳು, ಯಾಕೆ ನಿಲ್ಲಿಸಿದಳು ಎಂಬುದು ಲೋಕಕ್ಕೆ ತಿಳಿಯುವಂತೆ ಮಾಡಿದರು. ಮುಂದೆ ಗಂಗೂಬಾಯಿಯವರ ಮಗಳು ಕೃಷ್ಣಾ ಹಾನಗಲ್ ಕೂಡ ಗಾಯಕಿಯಾಗಿ, ಎಷ್ಟೋ ವರ್ಷ ತಾಯಿಯ ಹಿಂದೆ ಕುಳಿತು ದನಿಗೂಡಿಸಿದರು. ಆ ಮನೆಯಲ್ಲಿ ಅಮ್ಮ-ಮಗಳ ಋಣ ಹೀಗೆ ತಲೆಮಾರು ದಾಟಿತು.

‘ಅಮ್ಮಂದಿರ ದಿನ’ ಅಲ್ಲ, ‘ಅಮ್ಮನ ದಿನ’

ಮೇ ತಿಂಗಳ ಹಬ್ಬವನ್ನು ಶುರು ಮಾಡಿದ್ದೂ ಒಬ್ಬ ಮಗಳೇ ಎಂದು ನಿಮಗೆ ಗೊತ್ತೇ? ಅಮೆರಿಕದ ಅನ್ನಾ ಜಾರ್ವಿಸ್ 1905ರಲ್ಲಿ ತಾಯಿಯನ್ನು ಕಳೆದುಕೊಂಡರು. 1908ರ ಮೇ ತಿಂಗಳಲ್ಲಿ ಗ್ರಾಫ್ಟನ್ ಎಂಬ ಊರಿನ ಚರ್ಚಿನಲ್ಲಿ ತಾಯಿಯ ನೆನಪಿಗೆ ಮೊದಲ ಕಾರ್ಯಕ್ರಮ ಏರ್ಪಡಿಸಿದರು. 1914ರಲ್ಲಿ ಅಮೆರಿಕ ಸರ್ಕಾರ ಆ ದಿನಕ್ಕೆ ಮಾನ್ಯತೆ ಕೊಟ್ಟಿತು. ಅದು ಎಲ್ಲ ಅಮ್ಮಂದಿರನ್ನೂ ಒಟ್ಟಿಗೆ ಹೊಗಳುವ ದಿನವಲ್ಲ, ಪ್ರತಿಯೊಬ್ಬರೂ ತಮ್ಮ ತಮ್ಮ ತಾಯಿಯೊಬ್ಬಳನ್ನೇ ನೆನೆಯುವ ದಿನ ಎಂಬುದು ಅವರ ಹಟ. ಅದಕ್ಕೇ ಇಂಗ್ಲಿಷಿನಲ್ಲಿ ಅದನ್ನು ‘ಅಮ್ಮನ ದಿನ’ ಎಂದು ಏಕವಚನದಲ್ಲೇ ಬರೆಯಬೇಕೆಂದರು. ಅಚ್ಚಾದ ಶುಭಾಶಯ ಪತ್ರ, ಹೂವು, ಮಿಠಾಯಿಯ ವ್ಯಾಪಾರ ಬೆಳೆದಾಗ ತಾನೇ ಕಟ್ಟಿದ ಹಬ್ಬದ ವಿರುದ್ಧವೇ ಆಕೆ ಹೋರಾಡಿದರು.

ಸೀರೆ ಕೊಡಬೇಡಿ ಎಂದು ಯಾರೂ ಹೇಳುತ್ತಿಲ್ಲ. ಸೀರೆಯ ಜೊತೆಗೆ ಇನ್ನೂ ಏನು ಕೊಡಬಹುದು? ಇಲ್ಲಿದೆ ಕೆಲವು ದಾರಿ.

ಒಂದು ವಿಷಯ ಹಿಡಿದು ಹೇಳಿ

‘ಅಮ್ಮಾ, ನೀನು ಎಷ್ಟು ಕಷ್ಟಪಟ್ಟೆ’ ಅಂದರೆ ಅಮ್ಮ, ‘ಬಿಡು, ಎಲ್ಲರೂ ಪಡ್ತಾರೆ’ ಅಂತ ಎದ್ದು ಹೋಗುತ್ತಾಳೆ. ‘ಏಳನೇ ಕ್ಲಾಸಲ್ಲಿ ನಂಗೆ ಕಾಮಾಲೆ ಆದಾಗ ತಿಂಗಳಿಡೀ ಉಪ್ಪು ಖಾರ ಇಲ್ಲದ ಊಟ ನೀನೂ ನನ್ನ ಜೊತೆ ಮಾಡ್ತಿದ್ದೆಯಲ್ಲ’ ಎಂದು ಹೇಳಿ ನೋಡಿ. ಅವಳ ಮುಖ ಬೇರೆಯಾಗುತ್ತದೆ. ತಾನು ಮಾಡಿದ್ದು ಮಗಳ ಕಣ್ಣಿಗೆ ಬಿದ್ದಿತ್ತು ಎಂದು ಗೊತ್ತಾಗುವುದಿದೆಯಲ್ಲ, ಅದಕ್ಕಿಂತ ದೊಡ್ಡ ಉಡುಗೊರೆ ಇಲ್ಲ. ಎದುರಿಗೆ ಹೇಳಲು ಸಂಕೋಚವಾದರೆ ನಾಲ್ಕು ಸಾಲು ಕಾಗದ ಬರೆಯಿರಿ. ಓದಲು ಬಾರದ ತಾಯಿಯಾದರೆ ಮೊಮ್ಮಕ್ಕಳಿಂದ ಓದಿಸಿ.

ಮನೆಯಲ್ಲೇ ಇದ್ದ ಅಮ್ಮನದೂ ಕೆಲಸವೇ

ನಿಮ್ಮ ತಾಯಿ ಫ್ಯಾಕ್ಟರಿಗೆ ಹೋಗಿಲ್ಲದಿರಬಹುದು. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಾರೆಂದು ಕಂಡುಬಂತು. ಅಂದರೆ ಹೆಂಗಸರದು ಸುಮಾರು ಐದು ಗಂಟೆ. ಅದರಲ್ಲಿ ಭಾನುವಾರದ ರಜೆ, ಹಬ್ಬದ ಬೋನಸ್ಸು ಯಾವುದೂ ಇಲ್ಲ. ಮುಂದೆ ಯಾರಾದರೂ ‘ನಿಮ್ಮ ತಾಯಿ ಏನು ಮಾಡ್ತಿದ್ರು?’ ಎಂದಾಗ, ‘ಏಳು ಜನರ ಮನೆ ನಡೆಸ್ತಿದ್ರು, ಎರಡು ಹಸು ಸಾಕಿ ಡೈರಿಗೆ ಹಾಲು ಹಾಕ್ತಿದ್ರು’ ಎಂದು ಹೇಳಿ. ನಿಮ್ಮ ಮಕ್ಕಳು ಪಕ್ಕದಲ್ಲಿದ್ದರೆ ಇನ್ನೂ ಒಳ್ಳೆಯದು. ಅವರೂ ನಾಳೆ ನಿಮ್ಮ ಬಗ್ಗೆ ಹಾಗೆಯೇ ಹೇಳಲು ಕಲಿಯುತ್ತಾರೆ.

ಕಾಗದಪತ್ರ ಒಮ್ಮೆ ತೆಗೆದು ನೋಡಿ

ಅಮ್ಮಂದಿರ ದಾಖಲೆಗಳು ಸಾಮಾನ್ಯವಾಗಿ ಬೀರುವಿನ ಸೀರೆಗಳ ಅಡಿಯಲ್ಲಿ ಒಂದು ಪ್ಲಾಸ್ಟಿಕ್ ಕವರಿನಲ್ಲಿರುತ್ತವೆ. ಮುಂದಿನ ಸಲ ತವರಿಗೆ ಹೋದಾಗ ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು ಆ ಕವರ್ ಬಿಡಿಸಿ.

* ಕೆಲಸಕ್ಕೆ ಹೋಗುತ್ತಿದ್ದವರಾದರೆ ಪಿ.ಎಫ್. ನಂಬರು, ಯು.ಎ.ಎನ್. ಇದೆಯೇ ನೋಡಿ. ಒಟ್ಟು 10 ವರ್ಷದ ಸೇವೆ ಇದ್ದು, ಪಿಂಚಣಿ ಹಣ ತೆಗೆಯದಿದ್ದರೆ 58ಕ್ಕೆ ಪಿಂಚಣಿಯ ಹಕ್ಕು ಅವರದು. 2014ರ ಸೆಪ್ಟೆಂಬರ್‌ನಿಂದ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿಯಾಗಿದೆ. ಕಡಿಮೆಯೇ, ಆದರೆ ಅದು ಅವರದೇ ದುಡ್ಡು.
* ನಿಮ್ಮ ತಂಗಿಯೋ ನಾದಿನಿಯೋ ಈಗ ಕೆಲಸದಲ್ಲಿದ್ದರೆ ಒಂದು ಮಾತು ಹೇಳಿ. ಫ್ಯಾಕ್ಟರಿ ಬದಲಿಸುವಾಗ ಪಿಂಚಣಿಯ ಪಾಲನ್ನು ತೆಗೆಯದೆ ಹೊಸ ಖಾತೆಗೆ ವರ್ಗಾಯಿಸಬಹುದು, ಇಲ್ಲವೇ ‘ಸ್ಕೀಮ್ ಸರ್ಟಿಫಿಕೇಟ್’ ಪಡೆದು ಸೇವೆಯನ್ನು ಉಳಿಸಿಕೊಳ್ಳಬಹುದು. ನಿಯಮಗಳು ಆಗಾಗ ಬದಲಾಗುವುದರಿಂದ ಪಿ.ಎಫ್. ಕಚೇರಿಯಲ್ಲಿ ಕೇಳಿಯೇ ಸಹಿ ಹಾಕುವುದು ಕ್ಷೇಮ.
* ಮಗಳು ಇ.ಎಸ್.ಐ. ಸೌಲಭ್ಯವಿರುವ ಕೆಲಸದಲ್ಲಿದ್ದರೆ, ಆಕೆಯನ್ನೇ ಅವಲಂಬಿಸಿರುವ ಅಪ್ಪ-ಅಮ್ಮನ ಹೆಸರನ್ನೂ ಸೇರಿಸಬಹುದು. ಎಷ್ಟೋ ಹೆಣ್ಣುಮಕ್ಕಳಿಗೆ ಇದು ಗೊತ್ತೇ ಇರುವುದಿಲ್ಲ.
* ಗೃಹಲಕ್ಷ್ಮಿಯ 2,000 ರೂಪಾಯಿ ಅಮ್ಮನ ಹೆಸರಿನ ಖಾತೆಗೆ ಬರುತ್ತಿದ್ದರೆ ಎ.ಟಿ.ಎಂ. ಕಾರ್ಡು ಯಾರ ಕೈಯಲ್ಲಿದೆ? ಜಗಳಕ್ಕಲ್ಲ, ತಿಳಿದಿರಲಿ ಎಂದು.
* ಮನೆ, ಸೈಟು ಅಮ್ಮನ ಹೆಸರಿನಲ್ಲಿದ್ದು ಮಕ್ಕಳಿಗೆ ದಾನಪತ್ರ ಮಾಡಿಕೊಡುವ ಮಾತು ಬಂದರೆ, ‘ಕೊನೆಯವರೆಗೂ ನನ್ನನ್ನು ನೋಡಿಕೊಳ್ಳಬೇಕು’ ಎಂಬ ಷರತ್ತನ್ನು ಅದರಲ್ಲೇ ಬರೆಸುವುದು ಒಳ್ಳೆಯದು. ನೋಡಿಕೊಳ್ಳದಿದ್ದರೆ ಅಂಥ ಪತ್ರವನ್ನು ರದ್ದು ಮಾಡಿಸಲು 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಅವಕಾಶವಿದೆ. ಇದೇ ಕಾಯ್ದೆಯಲ್ಲಿ ತಾಯಿ-ತಂದೆಯರ ಜವಾಬ್ದಾರಿ ಗಂಡುಮಕ್ಕಳಷ್ಟೇ ಹೆಣ್ಣುಮಕ್ಕಳದೂ ಹೌದು. ಹಿರಿಯರಿಗೆ ತೊಂದರೆಯಾದರೆ ಕರೆ ಮಾಡಲು 14567 ಎಂಬ ಸಹಾಯವಾಣಿಯೂ ಇದೆ.

‘ಏನೂ ಆಗಿಲ್ಲ’ ಅಂದರೆ ನಂಬಬೇಡಿ

ಅಮ್ಮನ ಬಾಯಲ್ಲಿ ‘ನಂಗೇನಾಗಿದೆ, ಚೆನ್ನಾಗಿದೀನಿ’ ಎಂಬುದು ಮಾಮೂಲಿ. ವರ್ಷಗಟ್ಟಲೆ ಮೆಷಿನ್ ಮುಂದೆ ಬಗ್ಗಿ ಕುಳಿತವರಿಗೆ ಬೆನ್ನು, ಕತ್ತು, ಕಣ್ಣಿನ ತೊಂದರೆ ಸಾಮಾನ್ಯ. ಮುಟ್ಟು ನಿಂತ ಮೇಲೆ ಮೂಳೆ ಸವೆತ ಹೆಚ್ಚುತ್ತದೆ. ಬಿ.ಪಿ., ಸಕ್ಕರೆ ಸದ್ದಿಲ್ಲದೆ ಬರುತ್ತವೆ. ‘ಡಾಕ್ಟರ್ ಹತ್ರ ಹೋಗು’ ಎಂದು ಫೋನಿನಲ್ಲಿ ಹೇಳಿದರೆ ಅಮ್ಮ ಹೋಗುವುದಿಲ್ಲ. ದಿನ ಗೊತ್ತು ಮಾಡಿ, ನೀವೇ ಜೊತೆಗೆ ಹೋಗಿ. ಬಿ.ಪಿ., ಸಕ್ಕರೆ, ರಕ್ತಹೀನತೆ, ಕಣ್ಣಿನ ಪೊರೆ ಇಷ್ಟನ್ನಾದರೂ ನೋಡಿಸಿ. ಸ್ತನ, ಗರ್ಭಕೋಶದ ತೊಂದರೆಯನ್ನು ಅಮ್ಮ ಮಗನ ಮುಂದೆ ಹೇಳಲಾರಳು, ಮಗಳ ಮುಂದೆ ಹೇಳಿಯಾಳು. ಅದನ್ನು ನೀವೇ ಬಾಯಿಬಿಟ್ಟು ಕೇಳಬೇಕು.

ಅವಳಿಗೂ ಒಂದು ದಿನ ಕೊಡಿ

2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಹಣ ಇಲ್ಲ. 2024ರ ನವೆಂಬರ್‌ನಿಂದ ಮೆಟ್ರೊ ಮಾದಾವರದವರೆಗೆ ಬಂದಿದೆ. ಮಾದನಾಯಕನಹಳ್ಳಿಯ ಕಡೆಯ ಅಮ್ಮನನ್ನು ಒಂದು ದಿನ ಮಲ್ಲೇಶ್ವರದ ಅಂಗಡಿ ಬೀದಿಗೋ ಲಾಲ್‌ಬಾಗಿಗೋ ಕರೆದುಕೊಂಡು ಹೋಗಲು ಇನ್ನೇನು ಬೇಕು? ಮೊಮ್ಮಕ್ಕಳನ್ನು ಅಂದು ಅವರಪ್ಪನ ಹತ್ತಿರ ಬಿಡಿ. ಇಲ್ಲದಿದ್ದರೆ ಲಾಲ್‌ಬಾಗಿನಲ್ಲೂ ಅಮ್ಮ ಮಗುವಿಗೆ ತುತ್ತು ತಿನ್ನಿಸುತ್ತಲೇ ಇರುತ್ತಾಳೆ! ನಮ್ಮ ಮನೆಗೆ ಅಮ್ಮ ಬಂದಾಗಲೂ ಅಷ್ಟೆ. ಬಂದ ಅರ್ಧ ಗಂಟೆಗೆ ಸೊಪ್ಪು ಬಿಡಿಸಲು ಕೂರುತ್ತಾಳೆ. ಒಂದು ಹೊತ್ತಾದರೂ ಅವಳ ಕೈಗೆ ತಟ್ಟೆ ಕೊಟ್ಟು ನೀವು ಬಡಿಸಿ.

ಎಲ್ಲರ ಅಮ್ಮನೂ ಒಂದೇ ಥರ ಅಲ್ಲ

ಕೆಲವರಿಗೆ ಅಮ್ಮ ಎಂದರೆ ಬೈಗುಳ, ಮಗ-ಮಗಳ ನಡುವೆ ಮಾಡಿದ ಭೇದ ನೆನಪಾಗಬಹುದು. ಇಂಥ ನೋವಿದ್ದವರು ಸುಳ್ಳು ಹೊಗಳಿಕೆ ಹೇಳಬೇಕಾಗಿಲ್ಲ. ‘ಅದು ನಂಗೆ ನೋವಾಗಿತ್ತು, ಇದು ನಂಗೆ ಉಪಕಾರವಾಯಿತು’ ಎಂದು ಎರಡನ್ನೂ ಬೇರೆ ಬೇರೆ ಇಡಬಹುದು. ಅಮ್ಮನ ವಯಸ್ಸಿಗೆ ನೀವು ಬಂದಾಗ, ಆ ವಯಸ್ಸಿನಲ್ಲಿ ಅವಳ ಕೈಯಲ್ಲಿ ಎಷ್ಟು ದುಡ್ಡಿತ್ತು, ಎಷ್ಟು ನಿದ್ದೆಯಿತ್ತು, ಮಾತಾಡಲು ಯಾರಿದ್ದರು ಎಂದು ಯೋಚಿಸಿದರೆ ಕೆಲವು ಗಂಟು ತಾನಾಗಿಯೇ ಸಡಿಲವಾಗುತ್ತದೆ. ಸಡಿಲವಾಗದಿದ್ದರೂ ಸರಿಯೇ. ನಿಮ್ಮನ್ನು ನೀವು ದೂಷಿಸಿಕೊಳ್ಳಬೇಡಿ.

ಇನ್ನೊಂದು ಮಾತು. ನಿಮ್ಮ ಅತ್ತೆಯೂ ಯಾರದೋ ಅಮ್ಮ, ಯಾರದೋ ಮಗಳು. ಅವರು ಏನು ಬಿಟ್ಟುಕೊಟ್ಟರು ಎಂಬುದು ನಿಮ್ಮ ಯಜಮಾನರಿಗೇ ಗೊತ್ತಿರಲಿಕ್ಕಿಲ್ಲ. ಸಂಜೆ ಕಾಫಿ ಕೊಡುವಾಗ ಒಂದು ಪ್ರಶ್ನೆ ಅವರಿಗೂ ಕೇಳಿ.

ಈ ವಾರವೇ ಒಂದು ಸಣ್ಣ ನೋಟ್‌ಬುಕ್ ತೆಗೆದುಕೊಳ್ಳಿ. ಮೊದಲ ಪುಟದಲ್ಲಿ ಅಮ್ಮನ ಪೂರ್ತಿ ಹೆಸರು, ಹುಟ್ಟಿದ ಊರು ಬರೆಯಿರಿ. ಕೆಳಗೆ ಎಷ್ಟನೇ ತರಗತಿಯವರೆಗೆ ಓದಿದಳು, ಯಾಕೆ ಬಿಟ್ಟಳು, ಮೊದಲ ಸಂಪಾದನೆ ಎಷ್ಟು, ಅದರಲ್ಲಿ ಏನು ಕೊಂಡಳು ಎಂದು ಒಂದೊಂದಾಗಿ ಕೇಳಿ ಬರೆಯುತ್ತ ಹೋಗಿ. ಉತ್ತರ ಗೊತ್ತಿಲ್ಲದ ಪ್ರಶ್ನೆಗಳು ಎಷ್ಟಿವೆಯೋ ಅಷ್ಟು ಸಲ ಅಮ್ಮನಿಗೆ ಫೋನ್ ಮಾಡಲು ನಿಮಗೆ ನೆಪ ಸಿಕ್ಕಂತಾಯಿತು.